ಪದಚರ್ಚೆ: ಬೂದಿಯಿಂದ ಲೋಹ ‘ಸೋರುತ್ತದೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಬೂದಿ ಹೊಂಡಗಳಿಂದ ಅಂತರ್ಜಲ ಹೇಗೆ ಕೆಡುತ್ತದೆ ಎಂಬುದನ್ನು ಸಾಮಾನ್ಯ ಓದುಗರಿಗಾಗಿ ಬರೆಯುತ್ತಿದ್ದೇನೆ. ‘ಲೀಚಿಂಗ್’ (ಘನವಸ್ತುವಿನಲ್ಲಿರುವ ಅಂಶಗಳು ಅದಕ್ಕೆ ತಾಗಿದ ನೀರಿನಲ್ಲಿ ಕರಗಿ ಹೊರಬರುವುದು) ಎಂಬುದಕ್ಕೆ ಯಾವ ಪದ ಬಳಸಲಿ ಎಂಬಲ್ಲಿ ಬರಹ ನಿಂತಿದೆ. ಬಳಕೆಯಲ್ಲಿ ಕಾಣುವುದು ‘ಸೋರಿಕೆ’. “ಬೂದಿಯಿಂದ ವಿಷಲೋಹ ಸೋರಿ ಬಾವಿ ಸೇರಿತು” ಎಂದರೆ ವಾಕ್ಯ ಸಲೀಸಾಗಿಯೇ ಓದಿಸಿಕೊಳ್ಳುತ್ತದೆ. ಆದರೂ ಅದು ತಪ್ಪು ದಾರಿ ತೋರಿಸುತ್ತದೆ ಎಂಬುದು ನನ್ನ ಆತಂಕ.

ಮಾಡು ಸೋರುತ್ತದೆ, ಕೊಳಾಯಿ ಸೋರುತ್ತದೆ, ಅನಿಲ ಸೋರುತ್ತದೆ. ಸೋರಿಕೆ ಎಂದೊಡನೆ ಎಲ್ಲೋ ಒಂದು ತೂತು ಬಿದ್ದಿದೆ, ಮುಚ್ಚಿದರೆ ಮುಗಿಯಿತು ಎಂಬ ಭಾವ ಮೂಡುತ್ತದೆ. 2008ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಕಿಂಗ್‌ಸ್ಟನ್‌ನಲ್ಲಿ ಬೂದಿ ಹೊಂಡದ ಒಡ್ಡು ಒಡೆದು ಸುಮಾರು 40 ಲಕ್ಷ ಘನ ಮೀಟರ್ ಬೂದಿಗೆಸರು ನದಿಗೂ ಜನರ ಜಮೀನುಗಳಿಗೂ ನುಗ್ಗಿತು. ಅಂಥ ಅನಾಹುತ ಎಲ್ಲರ ಕಣ್ಣಿಗೆ ಬೀಳುತ್ತದೆ. ನಾನು ಹೇಳಬೇಕಾಗಿರುವುದು ಒಡ್ಡು ಗಟ್ಟಿಯಾಗಿ ನಿಂತಿರುವಾಗಲೇ, ಎಲ್ಲೂ ತೂತು ಬೀಳದೆಯೇ ವರ್ಷಗಟ್ಟಲೆ ನಡೆಯುವ ಕ್ರಿಯೆಯ ಬಗ್ಗೆ.

ಕ್ರಿಯೆ ಹೀಗಿದೆ. ಕಲ್ಲಿದ್ದಲು ಉರಿದಾಗ ಇಂಗಾಲ ಹೋಗಿ, ಅದರಲ್ಲಿದ್ದ ಆರ್ಸೆನಿಕ್, ಕ್ರೋಮಿಯಂ, ಸೀಸ, ಮಾಲಿಬ್ಡಿನಂ ಮುಂತಾದವು ಬಹುಮಟ್ಟಿಗೆ ಬೂದಿಯಲ್ಲಿ ಉಳಿಯುತ್ತವೆ. ರಾಶಿ ಕುಗ್ಗಿದಷ್ಟೂ ಅವುಗಳ ಸಾಂದ್ರತೆ ಏರುತ್ತದೆ. ಆರ್ಸೆನಿಕ್, ಸೆಲೆನಿಯಂನಂಥವು ಕುಲುಮೆಯ ಶಾಖಕ್ಕೆ ಆವಿಯಾಗಿ, ಹೊಗೆ ತಣಿಯುವಾಗ ಹಾರುಬೂದಿಯ ಕಣಗಳ ಹೊರಮೈಗೆ ಅಂಟಿಕೊಳ್ಳುತ್ತವೆ. ನೀರು ತಾಗಿದಾಗ ಮೊದಲು ಬಿಟ್ಟು ಬರುವುದು ಈ ಹೊರಮೈಯ ಅಂಶ. ಕಣದ ಗಾಜಿನಂಥ ಒಡಲಿನಲ್ಲಿ ಸಿಕ್ಕಿಕೊಂಡದ್ದು ಬಹು ನಿಧಾನವಾಗಿ ಹೊರಬರುತ್ತದೆ. ಬಿಟ್ಟು ಬಂದದ್ದೆಲ್ಲ ಒಂದೇ ವೇಗದಲ್ಲಿ ಸಾಗುವುದೂ ಇಲ್ಲ. ಬೋರಾನ್ ಮತ್ತು ಸಲ್ಫೇಟ್ ಮಣ್ಣಿಗೆ ಹೆಚ್ಚು ಅಂಟದೆ ನೀರಿನೊಡನೆ ಓಡುವುದರಿಂದ ತಪಾಸಣೆ ಬಾವಿಗಳಲ್ಲಿ ಮುನ್ಸೂಚನೆಯಾಗಿ ಅವನ್ನೇ ಹುಡುಕುತ್ತಾರೆ. ಸೀಸ, ಕ್ಯಾಡ್ಮಿಯಂ ಆಮ್ಲೀಯ ನೀರಿನಲ್ಲಿ ಹೆಚ್ಚು ಕರಗಿದರೆ, ಆರ್ಸೆನಿಕ್, ಸೆಲೆನಿಯಂ, ಮಾಲಿಬ್ಡಿನಂ ಕ್ಷಾರೀಯ ನೀರಿನಲ್ಲೂ ಸುಲಭವಾಗಿ ಚಲಿಸಬಲ್ಲವು. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ. ಇಷ್ಟು ಅಲ್ಪ ಪ್ರಮಾಣದ ಆರ್ಸೆನಿಕ್ ನೀರಿನ ಬಣ್ಣವನ್ನಾಗಲಿ ರುಚಿಯನ್ನಾಗಲಿ ಬದಲಿಸುವುದಿಲ್ಲ.

‘ಇಂಗುವಿಕೆ’ಯನ್ನು ಯೋಚಿಸಿದೆ. ಇಂಗುವುದು ನೀರು, ಅದೂ ಮೇಲಿನಿಂದ ಕೆಳಕ್ಕೆ. ಹೊಂಡದ ತಳ ಅಂತರ್ಜಲ ಮಟ್ಟಕ್ಕಿಂತ ಕೆಳಗಿದ್ದರೆ, ಮೇಲೆ ಎಷ್ಟೇ ಬಿಗಿಯಾದ ಹೊದಿಕೆ ಹಾಸಿದರೂ ಅಂತರ್ಜಲ ಪಕ್ಕದಿಂದ ಬಂದು ಬೂದಿಯ ನಡುವೆಯೇ ಹಾದು ಹೋಗುತ್ತದೆ. ಅಲ್ಲಿ ಇಂಗುವ ಮಾತೇ ಇಲ್ಲ.

‘ಬಸಿ’ ನನಗೆ ಹೆಚ್ಚು ಇಷ್ಟ. ಮಳೆ ಹೆಚ್ಚಾದರೆ ಪೋಷಕಾಂಶಗಳು ಬಸಿದು ಹೋಗುತ್ತವೆ ಎಂಬುದು ಕೃಷಿ ಬರಹಗಳಲ್ಲಿ ನೆಲೆಯೂರಿದ ಪ್ರಯೋಗ. ಹಾಗೆ ಕರಗಿದ ಅಂಶಗಳನ್ನು ಹೊತ್ತು ಬರುವ ನೀರಿಗೆ, ಅಂದರೆ ‘ಲೀಚೇಟ್’ಗೆ, ‘ಬಸಿನೀರು’ ಎಂದರೆ ವಿವರಣೆಯೇ ಬೇಡ. ಒಂದು ಅಡ್ಡಿಯೆಂದರೆ, ಬೇಡದ ನೀರನ್ನು ಹೊರಹಾಕುವ ‘ಬಸಿಗಾಲುವೆ’ಯಂಥ ಪದಗಳಿಂದ ಬಸಿಯುವುದಕ್ಕೆ ಒಳ್ಳೆಯದೆಂಬ ಛಾಯೆ ಬಂದಿದೆ. ಅಲ್ಲದೆ ಪ್ರಯೋಗಾಲಯದ ಲೀಚಿಂಗ್ ಪರೀಕ್ಷೆಗೆ ಈ ಪದ ಒಗ್ಗುವುದಿಲ್ಲ. ಅಲ್ಲಿ ಬೂದಿಯನ್ನು ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಹಾಕಿ ಸುಮಾರು 18 ಗಂಟೆ ತಿರುಗಿಸಿ, ಸೋಸಿದ ದ್ರವದಲ್ಲಿ ಎಷ್ಟು ಲೋಹ ಬಂತೆಂದು ಅಳೆಯುತ್ತಾರೆ. (ಆ ಪರೀಕ್ಷೆ ರೂಪುಗೊಂಡದ್ದು ಊರ ಕಸದ ರಾಶಿಯ ಪರಿಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಬೂದಿ ಮಾತ್ರವೇ ತುಂಬಿದ ಕ್ಷಾರೀಯ ಹೊಂಡದಲ್ಲಿ ಆರ್ಸೆನಿಕ್ ಹೇಗೆ ವರ್ತಿಸುತ್ತದೆ ಎಂಬುದನ್ನು ಅದೊಂದರಿಂದಲೇ ತೀರ್ಮಾನಿಸುವುದು ಸರಿಯಲ್ಲ.)

ಕೊನೆಗೆ ನನಗೆ ಹೊಳೆದದ್ದು ‘ಬಿಡು’. ಬಟ್ಟೆ ಬಣ್ಣ ಬಿಡುತ್ತದೆ ಎನ್ನುವಂತೆ ಬೂದಿ ಲೋಹ ಬಿಡುತ್ತದೆ ಎನ್ನಬಹುದು. ತೂತಿನ ಹಂಗಿಲ್ಲ, ದಿಕ್ಕಿನ ಹಂಗೂ ಇಲ್ಲ. ಬೂದಿ ಮತ್ತು ನೀರು ಒಂದನ್ನೊಂದು ಮುಟ್ಟಿದರೆ ಸಾಕು. ಹಾಗಾಗಿ ಒಂದು ಪದದ ಕೆಲಸವನ್ನು ಎರಡಕ್ಕೆ ಹಂಚಬೇಕೆಂದಿದ್ದೇನೆ: ಬೂದಿ ಲೋಹ ಬಿಡುತ್ತದೆ, ಲೋಹ ಹೊತ್ತ ನೀರು ಬಸಿದು ಅಂತರ್ಜಲ ಸೇರುತ್ತದೆ. ಒಡ್ಡು ಅಥವಾ ತಳದ ಹಾಸು ಹರಿದಾಗ ಮಾತ್ರ ‘ಸೋರಿಕೆ’.

ಕ್ರಿಯಾಪದವೇನೋ ಹೀಗೆ ಒದಗಿತು. ಶೀರ್ಷಿಕೆಗಳಿಗೂ ಕೋಷ್ಟಕಗಳಿಗೂ ನಾಮಪದ ಬೇಕು. ‘ಲೋಹಬಿಡುವಿಕೆ’ ಎಳೆದಂತಿದೆ, ‘ನಿಕ್ಷಾಲನ’ ಎಂದರೆ ಬಾವಿಯ ನೀರು ಕುಡಿಯುವವರಿಗೆ ಏನೂ ತಿಳಿಯದು. ಮಣ್ಣುವಿಜ್ಞಾನ ಅಥವಾ ಗಣಿಗಾರಿಕೆಯ ಕನ್ನಡ ಬರಹಗಳಲ್ಲಿ ಇದಕ್ಕೆ ನೆಲೆಗೊಂಡ ನಾಮಪದ ಯಾರಿಗಾದರೂ ಸಿಕ್ಕಿದೆಯೇ? ಇನ್ನೊಂದು ಪ್ರಶ್ನೆ: ಆರ್ಸೆನಿಕ್ ಪೂರ್ತಿ ಲೋಹವಲ್ಲ, ಸೆಲೆನಿಯಂ ಲೋಹವೇ ಅಲ್ಲ. ಇವನ್ನೂ ಸೇರಿಸಿ ‘ವಿಷಲೋಹಗಳು’ ಎನ್ನುವುದು ಸರಿಯೇ, ‘ವಿಷಧಾತುಗಳು’ ಎನ್ನಬೇಕೇ?