‘ಭಟ್ಟಿ ಇಳಿಸು’, ‘ಆಸವನ’, ‘ಒಬ್ಬೆ’: ಗೋವಾದ ಐದು ಫಲಕಗಳಿಗೆ ಬೇಕಾದ ಕೆಲವು ಪದಗಳು

ಪದಾಸಕ್ತರಾದ ಎಲ್ಲರಿಗೂ ನಮಸ್ಕಾರ.

ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಗೇರುಹಣ್ಣಿನ ಮದ್ಯವಾದ ಫೆನಿಯನ್ನು ತಯಾರಿಸುವ ಒಂದು ಮನೆತನದವರು, ತಮ್ಮ ಭಟ್ಟಿಯನ್ನು ನೋಡಲು ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಗಳ ಕಡೆಯಿಂದ ಬರುವವರು ಹೆಚ್ಚಾಗುತ್ತಿರುವುದರಿಂದ, ಈಗ ಕೊಂಕಣಿ ಮತ್ತು ಇಂಗ್ಲಿಷಿನಲ್ಲಿರುವ ಐದು ವಿವರಣಾ ಫಲಕಗಳಿಗೆ ಕನ್ನಡ ಪಾಠವೂ ಬೇಕೆಂದು ನನ್ನನ್ನು ಕೇಳಿದ್ದಾರೆ. ನಾಲ್ಕು ಫಲಕಗಳು ಫೆನಿಯನ್ನು ಕುರಿತವು. ಐದನೆಯದು ಅದನ್ನು ವಿಸ್ಕಿಯೊಡನೆ ಹೋಲಿಸುತ್ತದೆ. ಎರಡು ದಿನದ ಕೆಲಸವೆಂದು ಒಪ್ಪಿಕೊಂಡೆ. ಮೂರು ವಾರ ಕಳೆದರೂ ಮೊದಲ ಫಲಕದ ಮೊದಲ ಕ್ರಿಯಾಪದದಲ್ಲೇ ನಿಂತಿದ್ದೇನೆ.

ಹುದುಗೆದ್ದ ರಸವನ್ನು ಕಾಯಿಸಿ, ಮೇಲೇಳುವ ಆವಿಯನ್ನು ತಣಿಸಿ, ಮತ್ತೆ ದ್ರವವಾಗಿ ಹಿಡಿಯುವ ಕ್ರಿಯೆಗೆ ನಮ್ಮ ವಿಜ್ಞಾನ ಪಠ್ಯಗಳಲ್ಲಿ ‘ಆಸವನ’ ಎಂಬ ಪದವಿದೆ, ‘ಆಂಶಿಕ ಆಸವನ’ ಎಂಬುದೂ ಇದೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಪದವಾದ್ದರಿಂದ ಮೊದಲು ಅದನ್ನೇ ಬರೆದೆ. ಬರೆದ ಮೇಲೆ ಸಂಶಯ ಹುಟ್ಟಿತು. ಆಯುರ್ವೇದದಲ್ಲಿ ಆಸವವೂ ಅರಿಷ್ಟವೂ ಹುದುಗಿಸಿ ಮಾಡುವ ಔಷಧಗಳು. ಕಷಾಯ ಕಾಯಿಸಿ ಹುದುಗಿಸಿದರೆ ಅರಿಷ್ಟ, ಕಾಯಿಸದೆ ಹುದುಗಿಸಿದರೆ ಆಸವ ಎಂಬುದು ಸಾಮಾನ್ಯವಾಗಿ ಹೇಳುವ ಭೇದ. ಎರಡನ್ನೂ ಆವಿ ಮಾಡಿ ಇಳಿಸುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣವು ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಹೆಸರಿಸುವಾಗಲೂ ಆಸವವು ಹುದುಗಿದ ಪಾನೀಯವೇ. ಅಂಗಡಿಯಲ್ಲಿ ದ್ರಾಕ್ಷಾಸವದ ಬಾಟಲಿ ಕೊಳ್ಳುವ ಕನ್ನಡಿಗನಿಗೆ ‘ಆಸವನ’ವೆಂದರೆ ಆಸವ ಮಾಡುವುದು ಎಂದು ತೋರಿದರೆ ತಪ್ಪು ಅವನದಲ್ಲ. ಅದೇ ಪ್ರಕರಣದಲ್ಲಿ ಬರುವ ‘ಕಿಣ್ವ’ದ ಗತಿಯೂ ಹೀಗೆಯೇ: ಅಲ್ಲಿ ಅದು ಮದ್ಯಕ್ಕೆ ಹಾಕುವ ಹುದುಗು, ನಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿ ಎಂಜೈಮ್. ಹಳೆಯ ಪದಕ್ಕೆ ಹೊಸ ಅರ್ಥ ಕೊಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಹುದುಗುವುದು ಮತ್ತು ಇಳಿಯುವುದು ಎಂಬ ಎರಡು ಹಂತಗಳ ವ್ಯತ್ಯಾಸವನ್ನೇ ತಿಳಿಸಬೇಕಾದ ಫಲಕದಲ್ಲಿ, ಮೊದಲ ಹಂತದ ವಾಸನೆಯಿರುವ ಪದವನ್ನು ಎರಡನೆಯ ಹಂತಕ್ಕೆ ಕೊಡಲು ಮನಸ್ಸು ಒಪ್ಪುತ್ತಿಲ್ಲ.

ಉಳಿಯುವುದು ನಮ್ಮ ‘ಬಟ್ಟಿ ಇಳಿಸು’ ಅಥವಾ ‘ಭಟ್ಟಿ ಇಳಿಸು’. ಸಂಸ್ಕೃತದ ‘ಭ್ರಾಷ್ಟ್ರ’, ಅಂದರೆ ಹುರಿಯುವ ಬಾಣಲೆ, ಪ್ರಾಕೃತದ ಮೂಲಕ ಸಾಗಿ ಹಿಂದಿ, ಮರಾಠಿ, ಕೊಂಕಣಿಗಳ ‘ಭಟ್ಟಿ’ಯಾಗಿ ನಮ್ಮಲ್ಲಿಗೂ ಬಂದಿದೆ. ಅರ್ಥ ಒಲೆ, ಕುಲುಮೆ, ಗೂಡು. ಇಟ್ಟಿಗೆ ಭಟ್ಟಿ, ಸುಣ್ಣದ ಭಟ್ಟಿ, ದಾವಣಗೆರೆಯ ಮಂಡಕ್ಕಿ ಭಟ್ಟಿ ಎನ್ನುವಾಗ ಯಾರೂ ಮದ್ಯವನ್ನು ನೆನೆಯುವುದಿಲ್ಲ. ಹೀಗಾಗಿ ‘ಭಟ್ಟಿ ಇಳಿಸು’ ಎಂಬಲ್ಲಿ ಇಳಿಯುವುದು ಭಟ್ಟಿಯಲ್ಲ, ಭಟ್ಟಿಯಿಂದ ರಸ. ವಿಭಕ್ತಿ ಸವೆದುಹೋಗಿರಬೇಕೆಂದು ನನ್ನ ಊಹೆ. ‘ಇಳಿಸು’ ಎಂಬುದಂತೂ ಬಹಳ ಸೊಗಸಾದ ಆಯ್ಕೆ. ಡಿಸ್ಟಿಲ್ ಎಂಬ ಪದದ ಲ್ಯಾಟಿನ್ ಮೂಲಕ್ಕೂ ‘ತೊಟ್ಟು ತೊಟ್ಟಾಗಿ ಕೆಳಗೆ ಬೀಳು’ ಎಂದೇ ಅರ್ಥ. ಮರದಿಂದ ಕಳ್ಳು ಇಳಿಸುವವರ ಭಾಷೆಯೂ ಇದೇ.

ಆದರೆ ಈ ನುಡಿಗಟ್ಟಿಗೆ ಎರಡು ಕಳಂಕಗಳು ಅಂಟಿಕೊಂಡಿವೆ. ಒಂದು ‘ಕಳ್ಳಭಟ್ಟಿ’. ಪತ್ರಿಕೆ ಓದುವವರ ಕಿವಿಯಲ್ಲಿ ಭಟ್ಟಿಯ ಹಿಂದೆ ಕಳ್ಳ ಕೂತೇ ಇರುತ್ತಾನೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ಮೇಲೆ ‘ಸಾರಾಯಿ’ ಎಂಬ ಪದವೂ ಬಹುಪಾಲು ಅಪರಾಧದ ಸುದ್ದಿಗೇ ಸೀಮಿತವಾಯಿತು. ಇನ್ನೊಂದು ಕಳಂಕ ಸಾಹಿತ್ಯದ್ದು: ‘ಮಲಯಾಳದ ಸಿನಿಮಾವನ್ನು ಹಾಗೆಯೇ ಭಟ್ಟಿ ಇಳಿಸಿದ್ದಾರೆ’ ಎಂದರೆ ನಕಲು ಮಾಡಿದ್ದಾರೆ ಎಂದರ್ಥ. ಇದು ಹೇಗೆ ಬಂತೆಂದು ಬಲ್ಲವರು ತಿಳಿಸಬೇಕು. ಭಟ್ಟಿಯಲ್ಲಿ ನಡೆಯುವುದು ನಕಲಿಗೆ ತೀರ ವಿರುದ್ಧವಾದದ್ದು. ಹಂಡೆಯಲ್ಲಿ ಇದ್ದದ್ದರಲ್ಲಿ ಬಹುಭಾಗವನ್ನು ಅಲ್ಲೇ ಬಿಟ್ಟು, ಬೇಕಾದ ಸ್ವಲ್ಪವನ್ನು ಮಾತ್ರ ಎತ್ತಿಕೊಳ್ಳುವುದು. ಬಹುಶಃ ‘ಪ್ರತಿ ಇಳಿಸು’, ‘ನಕಲು ಇಳಿಸು’ ಎಂಬುದರಲ್ಲಿನ ‘ಇಳಿಸು’ ಇಲ್ಲಿಗೆ ಜಾರಿಬಂದಿರಬೇಕು.

ಇಷ್ಟಾದರೂ ನಾನು ಭಟ್ಟಿಯ ಪರ. ಅಬಕಾರಿಯವರ ಮಹಜರಿನ ಕನ್ನಡವೊಂದೇ ಈ ಪದಕ್ಕೆ ಯಜಮಾನನಾಗಬಾರದು. ಗೋವಾದಲ್ಲಿ ‘ಕಾಜೂಚಿ ಭಟ್ಟಿ’ ಎಂದು ತಲೆ ಎತ್ತಿಯೇ ಹೇಳುತ್ತಾರೆ. ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. 2016ರಲ್ಲಿ ಗೋವಾ ಸರ್ಕಾರವು ಅದನ್ನು ‘ದೇಸಿ ಮದ್ಯ’ವೆಂಬ ಕೆಳದರ್ಜೆಯ ಪಟ್ಟಿಯಿಂದ ಎತ್ತಿ ಪರಂಪರೆಯ ಮದ್ಯವೆಂದು ಹೆಸರಿಸಿತು. ಹಾಗೆಯೇ ಭಟ್ಟಿಯವನನ್ನು ಇಲ್ಲಿ ‘ಭಟ್ಟಿಕಾರ’ ಎನ್ನುತ್ತಾರೆಂದು ಬರೆಯುವಾಗ ಎಚ್ಚರ ಬೇಕು, ಏಕೆಂದರೆ ‘ಭಾಟಕಾರ’ ಬೇರೆ: ‘ಭಾಟ’ವೆಂದರೆ ತೋಟ, ಭಾಟಕಾರನೆಂದರೆ ಜಮೀನುದಾರ. ನನ್ನ ಮೊದಲ ಕರಡಿನಲ್ಲಿ ಒಂದು ದೀರ್ಘ ತಪ್ಪಿ ಕೂಲಿಯವನು ಧಣಿಯಾಗಿದ್ದ.

ಇನ್ನು ಹುದುಗಿದ ರಸದ ಮಾತು. ತಾನಾಗಿ ಉದುರಿದ ಹಣ್ಣನ್ನು ಆರಿಸಿ, ಬೀಜ ಬೇರ್ಪಡಿಸಿ, ಮುರಕಲ್ಲಿನಲ್ಲಿ ಕೊರೆದ ‘ಕೊಳಂಬಿ’ ಎಂಬ ತೊಟ್ಟಿಯಲ್ಲಿ ಕಾಲಿನಿಂದ ತುಳಿಯುತ್ತಾರೆ. ತುಳಿದುಳಿದ ಹಿಪ್ಪೆಯನ್ನು ಗುಡ್ಡೆ ಮಾಡಿ ಭಾರ ಹೇರಿದಾಗ ತೊಟ್ಟಿಕ್ಕುವ ತಿಳಿರಸ ‘ನಿರೋ’. ಇದನ್ನು ನಮ್ಮ ‘ನೀರಾ’ದ ತಮ್ಮನೆಂದು ಫಲಕದಲ್ಲಿ ಪರಿಚಯಿಸಬಹುದು, ಅದು ತಾಳೆ, ಈಚಲು, ತೆಂಗುಗಳ ಹುಳಿಯೇರದ ರಸ, ಇದು ಗೇರಿನದು. ತುಳಿದ ರಸವನ್ನು ಹೊರಗಿನಿಂದ ಯಾವ ಹುದುಗನ್ನೂ ಹಾಕದೆ ಮೂರು ದಿನ ಬಿಡುತ್ತಾರೆ. ಮೂರು ದಿನದ ನಂತರದ ಆ ರಸಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಭಟ್ಟಿಯಲ್ಲಿ ಕೆಲಸ ಮಾಡುವ ಗದಗಿನ ಕಡೆಯವರೊಬ್ಬರನ್ನು ಕೇಳಿದೆ. “ರಸಾ ಮೂರ ದಿನಾ ಕೊಳೀಬೇಕ್ರಿ, ಆಮ್ಯಾಲ ಭಟ್ಟಿ ಹಚ್ತೀವ್ರಿ” ಎಂದರು. ಪತ್ರಿಕೆಗಳಲ್ಲಿ ‘ಇನ್ನೂರು ಲೀಟರ್ ಬೆಲ್ಲದ ಕೊಳೆ ನಾಶ’ ಎಂದು ಓದುವಾಗಲೆಲ್ಲ ಅದನ್ನು ಹೊಲಸು ಎಂದೇ ತಿಳಿದಿದ್ದ ನನಗೆ, ಅದು ಕಸುಬಿನವರ ಪದವೇ ಇದ್ದೀತೆಂದು ಆಗ ಹೊಳೆಯಿತು. ದಕ್ಷಿಣ ಕನ್ನಡ, ಉಡುಪಿ ಕಡೆ ಇದಕ್ಕೆ ‘ಹುಳಿರಸ’ ಎನ್ನುತ್ತಾರೆ. ಪ್ರವಾಸಿಗರ ಮುಂದೆ ‘ಕೊಳೆ’ ಎಂದು ಬರೆದರೆ ಮುಖ ಸಿಂಡರಿಸುವುದು ಖಚಿತವಾದ್ದರಿಂದ ‘ಹುಳಿರಸ’ವನ್ನೇ ಆರಿಸಿಕೊಂಡಿದ್ದೇನೆ. ಆಕ್ಷೇಪವಿದ್ದರೆ ತಿಳಿಸಿರಿ.

ಮೊದಲ ಸಲ ಇಳಿದದ್ದು ‘ಉರಾಕ್’. ಅದರಲ್ಲಿ ಮದ್ಯಸಾರ ಹೆಚ್ಚುಕಡಿಮೆ ಶೇಕಡಾ 15. ಉರಾಕಿಗೆ ಹುಳಿರಸ ಬೆರೆಸಿ ಮತ್ತೆ ಇಳಿಸಿದರೆ ಶೇಕಡಾ 42ರ ಆಸುಪಾಸಿನ ಫೆನಿ. ಉರಾಕ್, ನಮ್ಮ ಹಕೀಮರ ‘ಅರ್ಕ’, ಇಂಗ್ಲಿಷರ ಅರ‍್ಯಾಕ್ ಎಲ್ಲವೂ ಬೆವರು ಎಂಬ ಅರ್ಥದ ಅರಬಿ ‘ಅರಕ್’ನ ಸಂತಾನ. ಪಾತ್ರೆಯ ತಣ್ಣನೆಯ ಗೋಡೆಯ ಮೇಲೆ ಕೂಡುವ ಹನಿಯನ್ನು ಬೆವರೆಂದು ಕಂಡವರ ಕಣ್ಣು ಮೆಚ್ಚತಕ್ಕದ್ದು. ‘ಫೆನಿ’ಯ ಮೂಲ ಸಂಸ್ಕೃತದ ‘ಫೇನ’, ಅಂದರೆ ನೊರೆ. ಒಳ್ಳೆಯ ಸರಕನ್ನು ಕುಲುಕಿದಾಗ ಏಳುವ ನೊರೆಯಿಂದ ಬಂದ ಹೆಸರು. ಕೊಂಕಣಿಯ ಉಚ್ಚಾರಕ್ಕೆ ‘ಫೇಣಿ’ ಹತ್ತಿರವಾದರೂ ಹಾಗೆ ಬರೆದರೆ ನಮ್ಮವರು ಹಾಲು ಸಕ್ಕರೆ ಹಾಕಿಕೊಂಡು ತಿನ್ನುವ ಮದುವೆಮನೆಯ ಫೇಣಿಯನ್ನು ನೆನೆಯುತ್ತಾರೆ. ಆದ್ದರಿಂದ ‘ಫೆನಿ’ ಎಂದೇ ಉಳಿಸುತ್ತೇನೆ.

ಐದನೆಯ ಫಲಕದಲ್ಲಿ ವಿಸ್ಕಿ ಬರುತ್ತದೆ. ಗೇಲಿಕ್ ಭಾಷೆಯ ‘ಉಷ್ಕ ಬಾಹಾ’, ಅಂದರೆ ಜೀವಜಲ, ಸವೆದು ವಿಸ್ಕಿಯಾಯಿತು. ಅಬಕಾರಿಯೂ ಫಾರಸಿಯಲ್ಲಿ ‘ನೀರಿನ ಕೆಲಸ’ವೇ. ಮಾಲ್ಟ್ ಎಂಬುದನ್ನು ‘ಮೊಳಕೆ ಕಟ್ಟಿ ಒಣಗಿಸಿದ ಜವೆಗೋಧಿ’ ಎಂದು ಒಮ್ಮೆ ವಿವರಿಸಿ ಮುಂದೆ ಮಾಲ್ಟ್ ಎಂದೇ ಬಿಡಬಹುದು. ರಾಗಿ ಮಾಲ್ಟ್ ಕುಡಿದು ಬೆಳೆದವರಿಗೆ ಅದು ಹೊರಗಿನ ಪದವಲ್ಲ. ತೊಡಕಿರುವುದು ‘ಸಿಂಗಲ್ ಮಾಲ್ಟ್’ನಲ್ಲಿ. ‘ಒಂಟಿ ಮಾಲ್ಟ್’, ‘ಏಕಧಾನ್ಯ’ ಮುಂತಾದವನ್ನು ನೋಡಿದ್ದೇನೆ. ಅರ್ಥ ಎರಡರಲ್ಲೂ ತಪ್ಪಿದೆ. ಇಲ್ಲಿ ‘ಒಂದು’ ಎಂಬುದು ಕಾಳಿಗೂ ಅಲ್ಲ, ಪೀಪಾಯಿಗೂ ಅಲ್ಲ, ಮದ್ಯ ಇಳಿಸಿದ ಜಾಗಕ್ಕೆ ಸೇರಿದ್ದು. ಹಲವು ಪೀಪಾಯಿಗಳದ್ದನ್ನು ಬೆರೆಸಿದರೂ ಅವೆಲ್ಲ ಒಂದೇ ಡಿಸ್ಟಿಲರಿಯವಾದರೆ ಅದು ಸಿಂಗಲ್ ಮಾಲ್ಟ್. ಬೆಂಗಳೂರಿನ ಅಮೃತ್ ವಿಸ್ಕಿ 2004ರಲ್ಲಿ ಗ್ಲಾಸ್ಗೋದಲ್ಲಿ ಮಾರುಕಟ್ಟೆಗೆ ಬಂದದ್ದೂ, ಗೋವಾದಲ್ಲೇ ಇಳಿಯುವ ಪಾಲ್ ಜಾನ್ ವಿಸ್ಕಿ 2012ರಲ್ಲಿ ಲಂಡನ್ನಿನಲ್ಲಿ ಬಂದದ್ದೂ ಈ ಅರ್ಥದಲ್ಲೇ. ‘ಒಂದೇ ಭಟ್ಟಿಯ ಮಾಲ್ಟ್’ ಎಂದರೆ ತಾತ್ಪರ್ಯ ಕೂಡಲೇ ತಿಳಿಯುತ್ತದೆ. ‘ಆಸವನ’ವನ್ನು ನಂಬಿಕೊಂಡಿದ್ದರೆ ಇಲ್ಲಿ ‘ಏಕಾಸವನಾಲಯಜನ್ಯ’ ಎಂಬಂಥ ಸಮಾಸ ಕಟ್ಟಬೇಕಾಗುತ್ತಿತ್ತು.

ಪೀಪಾಯಿಯ ವಿಷಯದಲ್ಲಿ ಹೊಸ ಪದ ಹುಡುಕುವ ಅಗತ್ಯವೇ ಇಲ್ಲ. ಪೋರ್ಚುಗೀಸರ ‘ಪೀಪಾ’ದಿಂದ ಬಂದ ಪದವದು, ಗೇರುಮರವನ್ನು ಬ್ರೆಜಿಲಿನಿಂದ ತಂದವರೇ ಅದನ್ನೂ ತಂದರು. ಡಾಂಬರು, ಸೀಮೆಎಣ್ಣೆಗಳಿಗೆ ಇಳಿದಿದ್ದ ಪದ ಈಗ ಓಕ್ ಮರದ ಪೀಪಾಯಿಗೆ ಮರಳಿದರೆ ಅದು ತವರಿಗೆ ಹೋದಂತೆ. ಸ್ಕಾಚ್ ಆಗಬೇಕಾದರೆ ಕನಿಷ್ಠ ಮೂರು ವರ್ಷ, 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ ಮಾಗಬೇಕು. ಮಾಗುವಾಗ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾಗಿ ಹೋದರೆ, ಬೆಂಗಳೂರಿನಲ್ಲಿ ಶೇಕಡಾ 10ಕ್ಕೂ ಹೆಚ್ಚು. ಇಂಗ್ಲಿಷರು ಇದನ್ನು ದೇವದೂತರ ಪಾಲೆನ್ನುತ್ತಾರೆ. ಅದನ್ನು ಹಾಗೆಯೇ ಕನ್ನಡಿಸಿದರೆ ನೈವೇದ್ಯದಂತೆ ಕೇಳಿಸುತ್ತದೆ. ‘ಆವಿಪಾಲು’ ಎಂದು ಬರೆದಿದ್ದೇನೆ.

‘ಸ್ಮಾಲ್ ಬ್ಯಾಚ್’ ಎಂಬುದಕ್ಕೆ ಮನೆಯಲ್ಲೇ ವ್ಯಾಜ್ಯವಾಯಿತು. ಮೈಸೂರಿನ ಕಡೆಯವರಾದ ನನ್ನ ಮನೆಯವರು ಚಕ್ಕುಲಿ ಕರಿಯುವಾಗ ‘ಎರಡು ಒಬ್ಬೆ ಆಯಿತು’ ಎನ್ನುತ್ತಾರೆ. ಹುಬ್ಬಳ್ಳಿಯವರಾದ ನಮ್ಮ ತಾಯಿ ‘ಎರಡ ಘಾಣ ಆತು’ ಎನ್ನುತ್ತಿದ್ದರು. ಘಾಣ ನನ್ನ ನಾಲಿಗೆಯ ಪದ, ಮರಾಠಿಗೂ ಸೇರಿದ್ದು. ಆದರೂ ‘ಒಬ್ಬೆ’ಯಲ್ಲಿ, ಅಗಸರ ಬಟ್ಟೆಯ ಒಬ್ಬೆಯನ್ನು ನೆನೆದರೆ, ಹಂಡೆಯೂ ಕುದಿಯೂ ಹಬೆಯೂ ಸೇರಿಯೇ ಇವೆ, ತಾಮ್ರದ ಹಂಡೆಯೊಂದು ಒಮ್ಮೆಗೆ ತುಂಬಿ ಇಳಿಸುವಷ್ಟು ಎಂಬ ಅರ್ಥಕ್ಕೆ ಅದಕ್ಕಿಂತ ಒಗ್ಗುವ ಪದ ನನಗೆ ಕಾಣಲಿಲ್ಲ. ‘ಸಣ್ಣ ಒಬ್ಬೆಯ ಮದ್ಯ’ ಎಂದರೆ ಉತ್ತರ ಕರ್ನಾಟಕದ ಓದುಗರಿಗೆ ತಿಳಿದೀತೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಹೆಚ್ಚು ಕಷ್ಟದ್ದು. ವಿಸ್ಕಿ ಇಳಿಯುವಾಗ ಬರುವ ಧಾರೆಯನ್ನು ಮೂರಾಗಿ ಕತ್ತರಿಸುತ್ತಾರೆ. ಬೇಗ ಆವಿಯಾಗುವ, ಬಣ್ಣದ ಅಂಗಡಿಯ ಘಾಟು ವಾಸನೆಯ ಮೊದಲ ಭಾಗ. ಪೀಪಾಯಿಗೆ ಹೋಗುವ ನಡುವಿನ ಭಾಗ. ಭಾರವಾದ ಎಣ್ಣೆಯಂಶದ, ನೆನೆದ ರಟ್ಟಿನ ವಾಸನೆಯ ಕಡೆಯ ಭಾಗ. ಇಂಗ್ಲಿಷಿನ ತಲೆ, ಹೃದಯ, ಬಾಲಗಳು ಕನ್ನಡದಲ್ಲಿ ಕಸಾಯಿಖಾನೆಯ ಪಟ್ಟಿಯಂತಾಗುತ್ತವೆ. ಮೊದಲನೆಯದಕ್ಕೆ ‘ಗಿಣ್ಣು’ ಎನ್ನಬಹುದೆಂದು ಸ್ನೇಹಿತರೊಬ್ಬರು ಸೂಚಿಸಿದರು. ಆದರೆ ಗಿಣ್ಣುಹಾಲನ್ನು ನಾವು ಆಸೆಪಟ್ಟು ತಿನ್ನುತ್ತೇವೆ, ಇದನ್ನು ಬೇರೆ ಇಡುತ್ತೇವೆ. ‘ಕಸರು’ ಎಂಬುದೂ ಆಗದು, ಏಕೆಂದರೆ ಸ್ಕಾಚ್ ಭಟ್ಟಿಗಳಲ್ಲಿ ಮೊದಲಿನದನ್ನೂ ಕಡೆಯದನ್ನೂ ಚೆಲ್ಲದೆ ಮುಂದಿನ ಒಬ್ಬೆಗೆ ಸೇರಿಸಿ ಮತ್ತೆ ಇಳಿಸುತ್ತಾರೆ. ಗದಗಿನವರನ್ನು ಕೇಳಿದಾಗ ‘ಮುಂದಿನ ನೀರು, ಹಿಂದಿನ ನೀರು’ ಎಂದರು. ಬರೆವಣಿಗೆಯಲ್ಲಿ ‘ಮುಂದಿನ’ ಎಂದರೆ ಇನ್ನು ಬರಬೇಕಾದದ್ದು ಎಂಬ ಅರ್ಥವೂ ಬಂದು ತಲೆಕೆಳಗಾಗುತ್ತದೆ. ಮುಂಗಾರು, ಹಿಂಗಾರುಗಳ ಅಚ್ಚಿನಲ್ಲಿ ‘ಮುಂಧಾರೆ, ನಡುಧಾರೆ, ಹಿಂಧಾರೆ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಆಲೆಮನೆಯಲ್ಲಿ, ಗಂಧದೆಣ್ಣೆಯ ಕಾರ್ಖಾನೆಯಲ್ಲಿ, ಅಥವಾ ಮಲೆನಾಡಿನ, ಕರಾವಳಿಯ ಹಳೆಯ ಭಟ್ಟಿಗಳಲ್ಲಿ ಹೀಗೆ ಮೊದಲು, ನಡುವೆ, ಕಡೆಗೆ ಬರುವುದನ್ನು ಬೇರೆ ಬೇರೆ ಹೆಸರಿನಿಂದ ಕರೆಯುವ ರೂಢಿಯನ್ನು ಯಾರಾದರೂ ಕಿವಿಯಾರೆ ಕೇಳಿದ್ದರೆ, ಪದವನ್ನೂ ಅದು ಯಾವ ಸೀಮೆಯದೆಂಬುದನ್ನೂ ದಯವಿಟ್ಟು ತಿಳಿಸಿರಿ. ಗೇರಿನ ಹಂಗಾಮು ಫೆಬ್ರವರಿಯ ಕೊನೆಗೆ ತೊಡಗುವುದರಿಂದ ಫಲಕ ಬರೆಯುವವರಿಗೆ ಅದಕ್ಕೆ ಮೊದಲೇ ಕರಡನ್ನು ಒಪ್ಪಿಸಬೇಕಾಗಿದೆ.