ಅಪ್‌ಡೇಟ್: ದುಬೈನಲ್ಲೇ ಷೆಂಗೆನ್ ಬಿಸಿನೆಸ್ ವೀಸಾ ಸಿಕ್ಕಿತು

ದುಬೈನಲ್ಲಿ ಕೆಲಸದಲ್ಲಿದ್ದೇನೆ, ಜರ್ಮನಿಯ ಬಿಸಿನೆಸ್ ವೀಸಾಗೆ (ಷೆಂಗೆನ್ ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೆಂಗಳೂರಿಗೇ ಬಂದು ಅರ್ಜಿ ಹಾಕಬೇಕಾ ಅಂತ ಕೇಳಿದ್ದೆನಲ್ಲ? ಬೇಕಿಲ್ಲ. ಇಲ್ಲಿನ ರೆಸಿಡೆನ್ಸ್ ವೀಸಾ ಇದ್ದರೆ ಇಲ್ಲೇ ಹಾಕಬಹುದು ಅಂತ ನೀವು ಹೇಳಿದ್ದೇ ಸರಿ. ಸುಮ್ನೆ ಟಿಕೆಟ್‌ಗೆ ದುಡ್ಡು ಸುರಿಯುವುದು ತಪ್ಪಿತು.

ಆದರೆ ಕೌಂಟರಿನಲ್ಲಿ ಸಿಕ್ಕಿಹಾಕಿಕೊಂಡೆ. ಅಲ್ಲಿದ್ದಾಕೆ ಆಹ್ವಾನ ಪತ್ರದ ಮೇಲೆ ಪೆನ್ನು ಆಡಿಸುತ್ತಾ, "ಹೋಟೆಲ್ ಖರ್ಚು ಯಾರದು?" ಅಂದರು. ಪತ್ರದಲ್ಲಿ ಆ ಸಾಲೇ ಇರಲಿಲ್ಲ! ಮೀಟಿಂಗ್‌ಗೆ ಕರೆದ ಫ್ರಾಂಕ್‌ಫರ್ಟಿನವರಿಗೆ ಮೇಲ್ ಮಾಡಿ, ಹೊಸ ಪತ್ರ ತರಿಸಿ, ಎರಡು ದಿನ ಬಿಟ್ಟು ಮತ್ತೆ ಹೋದೆ.

ವಾಪಸ್ ಬಂದ ಮೇಲೂ ರೆಸಿಡೆನ್ಸ್ ವೀಸಾ 3 ತಿಂಗಳು ಉಳಿದಿರಬೇಕು. ಪ್ರಯಾಣದ ಮೆಡಿಕಲ್ ಇನ್ಶೂರೆನ್ಸ್ ಕವರ್ 30,000 ಯೂರೋಗೆ ಕಮ್ಮಿ ಇರಬಾರದು. ಫೀಸು 90 ಯೂರೋ, ಸರ್ವಿಸ್ ಚಾರ್ಜ್ ಬೇರೆ.

ಹನ್ನೊಂದನೇ ದಿನ ಪಾಸ್‌ಪೋರ್ಟ್ ಕೈಗೆ ಬಂತು. ಕೊಟ್ಟಿದ್ದು ಬರೀ 9 ದಿನಕ್ಕೆ. ಮೀಟಿಂಗ್ ಮುಂದೆ ಹೋಗದಿದ್ದರೆ ಸಾಕಪ್ಪ.