ಅತ್ತೆ ಕಳಿಸಿದ ಸ್ಕಾಲರ್‌ಶಿಪ್ ಮೆಸೇಜು

ನಮ್ಮ ‘ದೊಡ್ಮನೆ ಬಳಗ’ ಗುಂಪಿನಲ್ಲಿ ಮೊನ್ನೆ ನಡೆದ ಜಟಾಪಟಿಯನ್ನು ಹೆಚ್ಚುಕಮ್ಮಿ ಇದ್ದ ಹಾಗೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ತೆಗೆದು ವರಸೆ ಇಟ್ಟಿದ್ದೇನೆ. ಎಲ್ಲರೂ ಹೂಂ ಅಂದಿದ್ದಾರೆ. ಚಿತ್ರಕಲೆ ಓದಿ ಮುಂದೇನು ಅಂತ ಕೂತಿರುವ ಮಕ್ಕಳು ಹಾಸನ ಜಿಲ್ಲೆಯಲ್ಲಿ ಬಹಳ ಇದ್ದಾರೆ. ಅವರ ಮನೆಯವರು ಇದನ್ನು ಓದಬೇಕು ಅನ್ನೋದು ನನ್ನಾಸೆ.

ಹೊಳೆನರಸೀಪುರದ ಅತ್ತೆ (ಫಾರ್ವರ್ಡ್): ಕಲಾ ಪದವೀಧರರಿಗೆ ಸುವರ್ಣಾವಕಾಶ!!! ಅಮೆರಿಕ, ಇಂಗ್ಲೆಂಡ್, ಜರ್ಮನಿಯಲ್ಲಿ ಎಂಎಫ್‌ಎ ಸಂಪೂರ್ಣ ಉಚಿತ. ಪೋರ್ಟ್‌ಫೋಲಿಯೋ ಬೇಡ, ಸಂದರ್ಶನ ಬೇಡ. ನೋಂದಣಿ ಶುಲ್ಕ ಕೇವಲ 4,999 ರೂ. ಇಂದೇ ಕೊನೆಯ ದಿನ. 10 ಗುಂಪುಗಳಿಗೆ ಕಳಿಸಿ, ಒಂದು ಬಡ ಪ್ರತಿಭೆ ಬೆಳಗಲಿ.

ಹೊಳೆನರಸೀಪುರದ ಅತ್ತೆ: ನಮ್ಮ ಪುಟ್ಟಿಗೆ ಆಗುತ್ತೆ ನೋಡಿ. ಇವತ್ತೇ ಕೊನೇ ದಿನವಂತೆ. ಚಿತ್ರ ಬರೆಯೋರಿಗೂ ಒಂದು ಕಾಲ ಬರುತ್ತೆ ಅಂತ ನಾನು ಆವತ್ತೇ ಹೇಳಿದ್ದೆ.

ಅರಕಲಗೂಡು ಅತ್ತಿಗೆ: ಕಂಗ್ರಾಟ್ಸ್ ಪುಟ್ಟಿ!!

ಆಲೂರು ಚಿಕ್ಕಪ್ಪ: ಯಾವ ದೇಶ ಪುಟ್ಟಿ? ಹೊರಡೋದು ಯಾವಾಗ?

ಬೆಂಗಳೂರು ಭಾವ: ಮೂಲ ಎಲ್ಲಿ? ಯಾವ ಸಂಸ್ಥೆ? ಯಾವ ವಿಶ್ವವಿದ್ಯಾಲಯ? ಒಂದೂ ಹೆಸರಿಲ್ಲ, ಒಂದು ಮೊಬೈಲ್ ನಂಬರ್ ಮಾತ್ರ ಇದೆ.

ಹೊಳೆನರಸೀಪುರದ ಅತ್ತೆ: ಅಳಿಯಂದ್ರೇ, ನೀವು ಎಲ್ಲದಕ್ಕೂ ಹೀಗೇ. ಅಮೃತಬಳ್ಳಿ ಕಷಾಯ ಹಾಕಿದಾಗಲೂ ಮೂಲ ಕೇಳಿದ್ರಿ.

ಬೆಂಗಳೂರು ಭಾವ: ಅದಕ್ಕೂ ಇನ್ನೂ ಉತ್ತರ ಬಂದಿಲ್ಲ.

ಹೊಳೆನರಸೀಪುರದ ಅತ್ತೆ: ಮನೆ ಮಗು ಮುಂದೆ ಬರಲಿ ಅಂತ ಹಾಕಿದ್ದು. ನಿಮ್ಮ ಹತ್ತಿರ ದುಡ್ಡು ಕೇಳಿದ್ನಾ?

ಪುಟ್ಟಿ ಅಂದರೆ ನಮ್ಮ ತೀರಿಹೋದ ಚಿಕ್ಕಪ್ಪನ ಮಗಳು. ಮೈಸೂರಿನಲ್ಲಿ ಬಿಎಫ್‌ಎ, ಅಂದರೆ ಚಿತ್ರಕಲೆಯ ಪದವಿ, ಮುಗಿಸಿ ಈಗ ಹಾಸನದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಮೆಸೇಜಿನಲ್ಲಿದ್ದ ಎಂಎಫ್‌ಎ ಅದರ ಮುಂದಿನ ಸ್ನಾತಕೋತ್ತರ ಪದವಿ. ಅವಳು ಈ ಗುಂಪಿನಲ್ಲೇ ಇದ್ದಾಳೆ, ಮೆಸೇಜುಗಳನ್ನು ಓದುತ್ತಲೂ ಇದ್ದಳು. ‘ನಿನಗೆ ಏನನ್ನಿಸುತ್ತೆ’ ಅಂತ ಅವಳನ್ನು ಕೇಳುವ ಮೊದಲೇ ದೊಡ್ಡಪ್ಪ ಬಂದರು.

ದೊಡ್ಡಪ್ಪ, ಸಕಲೇಶಪುರ: ಎಲ್ಲರಿಗೂ ನಮಸ್ಕಾರ. ಈಚೆಗೆ ಮಕ್ಕಳಿಗೆ ಪರದೇಶದ ಹುಚ್ಚು ಜಾಸ್ತಿಯಾಗಿದೆ. ಕಲೆ ಎನ್ನುವುದು ತಪಸ್ಸು. ಬೇಲೂರು, ಹಳೇಬೀಡು ಕೆತ್ತಿದವರು ಯಾವ ಲಂಡನ್ನಿಗೆ ಹೋಗಿ ಕಲಿತು ಬಂದಿದ್ದರು? 2023ರಲ್ಲಿ ಯುನೆಸ್ಕೋದವರೇ ನಮ್ಮ ದೇವಸ್ಥಾನಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿಕೊಂಡರು. ಕಣ್ಣೆದುರು ಇರುವುದನ್ನು ಬಿಟ್ಟು ಹೊರಗೆ ಹುಡುಕುವುದು ಸರಿಯಲ್ಲ. ಕಿರಿಯರು ಯೋಚಿಸಬೇಕು.

ಅರಸೀಕೆರೆ ಅಣ್ಣ: ಹಳೇಬೀಡು ಅಂದಾಗ ನೆನಪಾಯ್ತು ದೊಡ್ಡಪ್ಪ. ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರು ನಮ್ಮನ್ನ ಬೇಲೂರಿಗೆ ಕರ್ಕೊಂಡು ಹೋಗಿ ದರ್ಪಣ ಸುಂದರಿ ಮುಂದೆ ಕೂರಿಸಿ ಬರೆಸಿದ್ರು. ನಾನು ಕನ್ನಡಿ ಬರೆದೆ, ಮುಖ ಬರಲೇ ಇಲ್ಲ. ಡ್ರಾಯಿಂಗಿನ ಲೋಯರ್ ಪರೀಕ್ಷೆ ಪಾಸಾದೆ, ಹೈಯರ್ ಕಟ್ಟಲಿಲ್ಲ. ಆಮೇಲೆ ಬಸ್ ಸ್ಟ್ಯಾಂಡಲ್ಲಿ ತಿಂದ ಮಸಾಲೆ ದೋಸೆ, ಆ ರುಚಿ ಈಗ ಎಲ್ಲೂ ಇಲ್ಲ.

ಅರಕಲಗೂಡು ಅತ್ತಿಗೆ: ನಮ್ಮ ಮೇಷ್ಟ್ರು ಕ್ಯಾಮೆಲ್ ಬಣ್ಣದ ಡಬ್ಬಿ ತರದೇ ಇದ್ರೆ ಹೊರಗೆ ನಿಲ್ಲಿಸ್ತಿದ್ರು!

ಅರಸೀಕೆರೆ ಅಣ್ಣ: ಆ ಡಬ್ಬಿಯಲ್ಲಿ ಬಿಳಿ ಬಣ್ಣವೇ ಮೊದಲು ಖಾಲಿ ಆಗೋದು.

ಆಲೂರು ಚಿಕ್ಕಪ್ಪ: ಅದೆಲ್ಲ ಇರಲಿ. ಉಚಿತ ಅಂತಾರೆ, ಆಮೇಲೆ ಟಿಕೆಟ್ಟು, ವೀಸಾ, ರೂಮು ಅಂತ ಮನೆ ಮೇಲೆ ಬೀಳುತ್ತೆ. ಕೊಡೋರು ಯಾರು?

ಹೊಳೆನರಸೀಪುರದ ಅತ್ತೆ: ನಿನ್ನ ಮಗನ ಇಂಜಿನಿಯರಿಂಗ್ ಸೀಟಿಗೆ ಅಣ್ಣ ಮೆಣಸು ಮಾರಿ ಕೊಡಲಿಲ್ವಾ? ಆಗ ಈ ಪ್ರಶ್ನೆ ಬರಲಿಲ್ಲ.

ಆಲೂರು ಚಿಕ್ಕಪ್ಪ: ಅಕ್ಕಾ, ಅದು ಸಾಲ. ಅರ್ಧ ವಾಪಸ್ ಕೊಟ್ಟಿದ್ದೀನಿ. ಗುಂಪಲ್ಲಿ ಹಾಕೋ ವಿಷಯ ಅಲ್ಲ ಅದು.

ಹಾಸನದ ಚಿಕ್ಕಮ್ಮ: ಗುಂಪಲ್ಲಿ ಹಾಕೋ ವಿಷಯ ಯಾವುದು ಅಂತ ನನಗೂ ಗೊತ್ತಾಗ್ತಿಲ್ಲ. ಪುಟ್ಟಿ ಬಿಎಫ್‌ಎ ಸೇರಿದಾಗ, ‘ಅಂಗಡಿ ಬೋರ್ಡ್ ಬರೆಯೋಕೆ ಮೈಸೂರಿಗೆ ಹೋಗಬೇಕಾ’ ಅಂತ ನಾಮಕರಣದ ಮನೇಲಿ ಎಲ್ಲರ ಮುಂದೆ ಅಂದವರು ಯಾರು ಅಂತ ನನಗೆ ನೆನಪಿದೆ.

ದೊಡ್ಡಪ್ಪ, ಸಕಲೇಶಪುರ: ನಾನು ಹಾಗೆ ಹೇಳಿಲ್ಲ. ಕೆಲಸದ ಭದ್ರತೆ ಬಗ್ಗೆ ಹೇಳಿದ್ದೆ.

ಹಾಸನದ ಚಿಕ್ಕಮ್ಮ: ಹೇಳಿದ್ರಿ ದೊಡ್ಡ ಭಾವ. ನಾನು ಪಾಯಸದ ಪಾತ್ರೆ ಹಿಡ್ಕೊಂಡು ಅಲ್ಲೇ ನಿಂತಿದ್ದೆ.

ಅರಸೀಕೆರೆ ಅಣ್ಣ: ಅದು ನಾಮಕರಣ ಅಲ್ಲ ಚಿಕ್ಕಮ್ಮ, ಗೃಹಪ್ರವೇಶ.

ಅಲ್ಲಿಂದ ಮುಂದೆ ಬಹಳ ಹೊತ್ತು ನಡೆದದ್ದು ನಾಮಕರಣವೋ ಗೃಹಪ್ರವೇಶವೋ ಎಂಬ ಚರ್ಚೆ. ಯಾರೋ ಹಳೇ ಫೋಟೋ ಕೂಡ ಹಾಕಿದರು. ಅಷ್ಟರಲ್ಲಿ ಅತ್ತೆ ಆ ನಂಬರಿಗೆ ಫೋನ್ ಹಚ್ಚಿ ದುಡ್ಡು ಕಳಿಸಿಬಿಟ್ಟರೆ ಅನ್ನೋ ಭಯ ನನಗೆ. ಭಾವ ಕೇಳಿದ್ದು ಸರಿಯಾಗೇ ಇತ್ತು. ಆದರೆ ಸುಳ್ಳು ಅಂತ ತೋರಿಸಿ ಕೈತೊಳೆದುಕೊಂಡರೆ ಆ ಹುಡುಗಿಗೆ ಏನು ಸಿಕ್ಕಿತು? ಇಂಥ ಒಂದು ಸುಳ್ಳು ಮೆಸೇಜಿನಿಂದ ‘ಸ್ಕಾಲರ್‌ಶಿಪ್ ಅಂದ್ರೆ ಎಲ್ಲ ಮೋಸ’ ಅನ್ನೋ ತೀರ್ಮಾನಕ್ಕೆ ಬಂದ ಮನೆಗಳನ್ನು ನಾನು ನೋಡಿದ್ದೇನೆ. ಅದು ದುಡ್ಡು ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ. ಅದಕ್ಕೇ ನಾನು ಬರೆಯೋಕೆ ಕೂತೆ.

ನಾನು: ಅತ್ತೆ, ದಯವಿಟ್ಟು ಆ ನಂಬರಿಗೆ ದುಡ್ಡು ಹಾಕಬೇಡಿ. ಅಮೆರಿಕದ ಫುಲ್‌ಬ್ರೈಟ್, ಬ್ರಿಟನ್ನಿನ ಚೀವ್‌ನಿಂಗ್, ಯುರೋಪಿನ ಎರಾಸ್ಮಸ್ ಮುಂಡಸ್, ಈ ಯಾವ ಸ್ಕಾಲರ್‌ಶಿಪ್ಪಿಗೂ ಅರ್ಜಿ ಶುಲ್ಕವಿಲ್ಲ. ಸೀಟಿಗೆ ಅರ್ಜಿ ಹಾಕುವಾಗ ವಿಶ್ವವಿದ್ಯಾಲಯಗಳು ಶುಲ್ಕ ಕೇಳುತ್ತವೆ, ಅದು ಬೇರೆ, ಅವರ ಪೋರ್ಟಲ್ಲಿನಲ್ಲೇ ಕಟ್ಟೋದು. ಪೋರ್ಟ್‌ಫೋಲಿಯೋ ಅಂದ್ರೆ ತಾನು ಮಾಡಿದ ಚಿತ್ರಗಳ ಸಂಗ್ರಹ, ಅದು ಬೇಡ ಅಂದ ಕೂಡಲೇ ಸುಳ್ಳು ಅಂತ ಗೊತ್ತಾಗಬೇಕು. ಎಂಎಫ್‌ಎಗೆ ಮಾರ್ಕ್ಸ್ ಕಾರ್ಡಿಗಿಂತ ಮೊದಲು ನೋಡೋದೇ ಕೆಲಸವನ್ನ.

ಹೊಳೆನರಸೀಪುರದ ಅತ್ತೆ: ಹಾಗಾದ್ರೆ ನಿಜವಾದ್ದು ಇದೆಯಾ ಇಲ್ವಾ? ಅದು ಹೇಳು ಮೊದಲು.

ನಾನು: ಇದೆ ಅತ್ತೆ. ಇನ್‌ಲ್ಯಾಕ್ಸ್ ಶಿವದಾಸಾನಿ ಫೌಂಡೇಶನ್ ಅಂತ, 1976ರಿಂದ ಇದೆ. 30 ವರ್ಷದೊಳಗಿನ ಭಾರತೀಯರಿಗೆ ಹೊರಗಿನ ಒಳ್ಳೇ ಸಂಸ್ಥೆಗಳಲ್ಲಿ ಓದೋಕೆ ಒಂದು ಲಕ್ಷ ಡಾಲರ್‌ವರೆಗೆ ಕೊಡ್ತಾರೆ. ಫೈನ್ ಆರ್ಟ್ಸ್ ಅದರಲ್ಲಿ ಬರುತ್ತೆ. ಆದರೆ ಮೊದಲು ಸೀಟು ಸಿಕ್ಕಿರಬೇಕು, ಆಮೇಲೆ ಅವರ ಹತ್ತಿರ ಅರ್ಜಿ. ನಮ್ಮ ಕಡೆ ಎಲ್ಲರೂ ಇದನ್ನ ತಿರುಗಾಮುರುಗಾ ಮಾಡಿ, ದುಡ್ಡು ಸಿಕ್ಕ ಮೇಲೆ ಸೀಟು ಅಂತ ಕಾಯ್ತಾ ಕೂರ್ತಾರೆ.

ಆಲೂರು ಚಿಕ್ಕಪ್ಪ: ಒಂದು ಲಕ್ಷ ಡಾಲರ್! ಅದು ಯಾರೋ ದೊಡ್ಡ ಮನುಷ್ಯರ ಮಕ್ಕಳಿಗೆ. ನಮಗೆಲ್ಲಿ ಸಿಗುತ್ತೆ. ಸರ್ಕಾರದ್ದು ನೋಡಿದ್ರೆ ಜಾತಿ ಕೇಳ್ತಾರೆ.

ನಾನು: ಚಿಕ್ಕಪ್ಪ, ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇರೋದು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿಯಿಲ್ಲದ ಕೂಲಿಕಾರರು, ಪಾರಂಪರಿಕ ಕುಶಲಕರ್ಮಿಗಳ ಮಕ್ಕಳಿಗೆ, ಮನೆಯ ವರ್ಷದ ಆದಾಯ 8 ಲಕ್ಷದೊಳಗೆ ಇರಬೇಕು. ಅದು ಅವರಿಗೆ ಸಿಗಲೇಬೇಕಾದ್ದು. ನಮ್ಮ ಮನೆಗೆ ಮೂರು ತಲೆಮಾರಿಂದ ತೋಟ ಇದೆ, ಅವರಿಗೆ ಏನಿತ್ತು? ನಾನು ಹೇಳಿದ ಉಳಿದ ಯಾವುದರಲ್ಲೂ ಜಾತಿ ಕೇಳಲ್ಲ. ‘ನಮಗೆಲ್ಲಿ’ ಅಂತ ಅರ್ಜಿಯನ್ನೇ ಹಾಕದವರಿಗೆ ಯಾರೂ ಮನೆಗೆ ತಂದು ಕೊಡಲ್ಲ.

ಅರಕಲಗೂಡು ಅತ್ತಿಗೆ: ಜರ್ಮನಿಯಲ್ಲಿ ಫೀಸೇ ಇಲ್ವಂತೆ ಹೌದಾ? ನಮ್ಮ ಪಕ್ಕದ ಮನೆಯವರ ಮಗ ಹೋಗಿದಾನೆ.

ಬೆಂಗಳೂರು ಭಾವ: ಅದು ನಿಜ, ಈಗ ನೋಡಿದೆ. ಸರ್ಕಾರಿ ವಿಶ್ವವಿದ್ಯಾಲಯ, ಕಲಾ ಅಕಾಡೆಮಿಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ಆದರೆ ವೀಸಾಗೆ ವರ್ಷದ ಖರ್ಚು 11,904 ಯೂರೋ ಒಂದು ಖಾತೆಯಲ್ಲಿ ಇಟ್ಟು ತೋರಿಸಬೇಕು. ತಿಂಗಳಿಗೆ ಇಂತಿಷ್ಟು ಅಂತ ಮಾತ್ರ ತೆಗೆಯೋಕೆ ಬಿಡ್ತಾರೆ.

ಭಾವ ಗುಂಪಿನಲ್ಲಿ ತಾವೇ ಹುಡುಕಿ ಏನಾದರೂ ತಂದು ಹಾಕಿದ್ದು ನಾನು ಕಂಡಂತೆ ಇದೇ ಮೊದಲು. ನನಗೆ ಬಹಳ ಖುಷಿಯಾಯಿತು.

ನಾನು: ಭಾವ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಡಾಡ್ (DAAD) ಅಂತ ಜರ್ಮನಿಯ ಸಂಸ್ಥೆ ಇದೆ, ಅವರು ಚಿತ್ರಕಲೆ, ಡಿಸೈನ್, ಸಿನಿಮಾದವರಿಗೇ ಬೇರೆ ಸ್ಕಾಲರ್‌ಶಿಪ್ ಇಟ್ಟಿದ್ದಾರೆ. ಅದು ಬಂದ್ರೆ ತಿಂಗಳ ಖರ್ಚು ಬರುತ್ತೆ, ಆ ಖಾತೆಯ ತಲೆನೋವೂ ಇಲ್ಲ. ಕೆಲವು ಅಕಾಡೆಮಿಗಳಲ್ಲಿ ಪಾಠ ಜರ್ಮನ್ ಭಾಷೆಯಲ್ಲೇ, ಅದಕ್ಕೆ ಈಗಿಂದಲೇ ಕಲಿಯಬೇಕು. ಎರಾಸ್ಮಸ್ ಮುಂಡಸ್ ಆದರೆ ತಿಂಗಳಿಗೆ 1,400 ಯೂರೋ, ಎರಡು ವರ್ಷದ ತನಕ. ಅದರಲ್ಲಿ ಅನಿಮೇಷನ್ನು, ಸಾಕ್ಷ್ಯಚಿತ್ರ ಇವೆ, ಒಂದೊಂದು ಸೆಮಿಸ್ಟರ್ ಒಂದೊಂದು ದೇಶದಲ್ಲಿ.

ಆಲೂರು ಚಿಕ್ಕಪ್ಪ: ಅಮೆರಿಕ?

ನಾನು: ಅಲ್ಲಿ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್‌ಗೆ ಮೂರು ವರ್ಷದ ಕೆಲಸದ ಅನುಭವ ಬೇಕು. ವಿಷಯವೂ ವಸ್ತುಸಂಗ್ರಹಾಲಯ, ಪರಂಪರೆ ಸಂರಕ್ಷಣೆ, ಕಲಾ ನಿರ್ವಹಣೆ ಕಡೆಯದು, ಪೇಂಟಿಂಗ್ ಅಲ್ಲ. ಪೇಂಟಿಂಗ್ ಮಾಡೋರಿಗೆ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳೇ ದಾರಿ. ಎಂಎಫ್‌ಎ ವಿದ್ಯಾರ್ಥಿಗೆ ಕಿರಿಯರಿಗೆ ಪಾಠ ಮಾಡೋ ಕೆಲಸ ಕೊಟ್ಟು, ಫೀಸು ಬಿಟ್ಟು, ಸಂಬಳ ಕೊಡೋ ಕಡೆ ಇವೆ. ಆದರೆ ಹೆಚ್ಚಿನ ಕಡೆ ಅರ್ಜಿ ಮುಗಿಯೋದು ಡಿಸೆಂಬರ್, ಜನವರಿಯಲ್ಲಿ. ಈಗ ಅಕ್ಟೋಬರ್. ಚೀವ್‌ನಿಂಗ್‌ಗೆ ಎರಡು ವರ್ಷದ ಅನುಭವ ಕೇಳ್ತಾರೆ, ಪುಟ್ಟಿಗೆ ಅದು ಮುಂದಿನ ವರ್ಷದ ಮಾತು, ಓದು ಮುಗಿಸಿ ವಾಪಸ್ ಬಂದು ಎರಡು ವರ್ಷ ನಮ್ಮ ದೇಶದಲ್ಲಿ ಇರಲೂಬೇಕು. ಇನ್ನು ಜೆ.ಎನ್. ಟಾಟಾ ಎಂಡೋಮೆಂಟ್, 1892ರಿಂದ ಇರೋದು, ಅದು ಸಾಲ. ವಾಪಸ್ ಕಟ್ಟಬೇಕು. ಹೆಸರಲ್ಲಿ ಸ್ಕಾಲರ್‌ಶಿಪ್ ಅಂತ ಇದ್ದ ಮಾತ್ರಕ್ಕೆ ಪುಕ್ಕಟೆ ಅಂದ್ಕೋಬೇಡಿ.

ದೊಡ್ಡಪ್ಪ, ಸಕಲೇಶಪುರ: ಮಾಹಿತಿ ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬೇಲೂರಿನ ಶಿಲ್ಪಿ ಎಲ್ಲಿಗೆ ಹೋಗಿದ್ದ?

ಇಲ್ಲಿಯವರೆಗೆ ಒಂದಕ್ಷರವೂ ಬರೆಯದ ಪುಟ್ಟಿ ಆಗ ಬರೆದಳು. ಅವಳ ಮೆಸೇಜನ್ನು ಒಂದಕ್ಷರವೂ ಬದಲಿಸಿಲ್ಲ.

ಪುಟ್ಟಿ: ದೊಡ್ಡಪ್ಪ, ಬೇಲೂರಿನ ಮದನಿಕೆಗಳ ಕೆಳಗೆ ಕೆತ್ತಿದವರ ಹೆಸರಿದೆ. ದಾಸೋಜ, ಅವನ ಮಗ ಚಾವಣ. ಅವರ ಊರು ಬಳ್ಳಿಗಾವಿ, ಈಗಿನ ಶಿವಮೊಗ್ಗ ಜಿಲ್ಲೆ. ಊರು ಬಿಟ್ಟು ಬೇಲೂರಿಗೆ ಬಂದರು, ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವಸ್ಥಾನಕ್ಕೆ. ಕೆಲಸ ಅವರದ್ದು, ಖರ್ಚು ಅರಸರದ್ದು. ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು 1949ರಲ್ಲಿ ಪ್ಯಾರಿಸ್ಸಿಗೆ ಹೋಗಿ ಕಲಿತು ವಾಪಸ್ ಬಂದರು. ನಾನು ಹೊಯ್ಸಳರನ್ನ ಬಿಟ್ಟು ಹೋಗ್ತಿಲ್ಲ. ನನ್ನ ಪೋರ್ಟ್‌ಫೋಲಿಯೋದಲ್ಲಿ ಇರೋದೇ ಹಳೇಬೀಡಿನ ಗೋಡೆಯ ಆನೆ ಸಾಲುಗಳ ಮೇಲೆ ಮಾಡಿದ ಚಿತ್ರಗಳು. ಕಲ್ಲಿನ ಮೇಲೆ ಕಾಗದ ಇಟ್ಟು ಉಜ್ಜಬಾರದು, ಅದಕ್ಕೆ ನೋಡ್ಕೊಂಡು ಇದ್ದಲು, ಕಾಫಿ ಡಿಕಾಕ್ಷನ್‌ನಲ್ಲಿ ಬರೆದಿದ್ದು. ಆಸೆ ಇರೋದು ಪ್ರಿಂಟ್‌ಮೇಕಿಂಗ್, ಅಚ್ಚು ಮಾಡಿ ಚಿತ್ರ ತೆಗೆಯೋದು. ಜರ್ಮನ್ ಮೊದಲ ಹಂತದ ಪಾಠ ರಾತ್ರಿ ಹೊತ್ತು ಕಲಿತಾ ಇದ್ದೀನಿ. ಅಮ್ಮಂಗೆ ಗೊತ್ತು.

ಅರಸೀಕೆರೆ ಅಣ್ಣ: ಡಿಕಾಕ್ಷನ್ನಲ್ಲಾ! ಯಾವ ಪುಡಿ?

ಪುಟ್ಟಿ: ದೊಡ್ಡಪ್ಪನ ತೋಟದ್ದೇ ಅಣ್ಣ. ಚಿಕೋರಿ ಬೆರೆಸಿದ್ರೆ ಅಂಟಂಟಾಗುತ್ತೆ.

ಹೊಳೆನರಸೀಪುರದ ಅತ್ತೆ: ಇಷ್ಟೆಲ್ಲ ಇಟ್ಕೊಂಡು ಯಾಕೆ ಸುಮ್ನಿದ್ದೆ ಮಗಳೇ? ನಾನು ಆ ಮೆಸೇಜ್ ಡಿಲೀಟ್ ಮಾಡ್ತೀನಿ. ಬೇರೆ ಎರಡು ಗುಂಪಿಗೆ ಹಾಕಿದ್ದೆ, ಅಲ್ಲೂ ಸುಳ್ಳು ಅಂತ ಬರೀತೀನಿ.

ನಾನು: ಪುಟ್ಟಿ, ಈಗ ನಿನಗೆ ನಮ್ಮಿಂದ ಏನು ಬೇಕು?

ಪುಟ್ಟಿ: ಮೂರು ಚಿತ್ರ ಆರು ಅಡಿಯವು. ಮನೇಲಿ ನಿಲ್ಲಿಸಿ ಫೋಟೋ ತೆಗೆಯೋಕೆ ಜಾಗ ಇಲ್ಲ, ಟ್ಯೂಬ್‌ಲೈಟಲ್ಲಿ ಬಣ್ಣ ಹಾಳಾಗಿ ಬರುತ್ತೆ. ಬಿಸಿಲು ನೇರ ಬೀಳದ, ಬೆಳಕು ಒಂದೇ ಸಮ ಇರೋ ಜಾಗ ಬೇಕು. ಕಾಲೇಜಿನ ಇಬ್ಬರು ಮೇಷ್ಟ್ರು ಶಿಫಾರಸು ಪತ್ರ ಕೊಡ್ತೀನಿ ಅಂದಿದ್ದಾರೆ. ಅರ್ಜಿಗೆ ಇಂಗ್ಲಿಷಲ್ಲಿ ಬರೆದಿರೋ ನನ್ನ ಸ್ಟೇಟ್‌ಮೆಂಟನ್ನ ಭಾವ ಒಂದು ಸಲ ಓದಿ ಕೊಟ್ರೆ ಸಾಕು.

ಬೆಂಗಳೂರು ಭಾವ: ಇವತ್ತೇ ಕಳಿಸಮ್ಮ. ರಾತ್ರಿ ಓದಿ ಕೊಡ್ತೀನಿ.

ಆಲೂರು ಚಿಕ್ಕಪ್ಪ: ಚಿತ್ರ ಸಾಗಿಸೋಕೆ ನಮ್ಮ ಪಿಕಪ್ ತಗೋ. ಡೀಸೆಲ್ ನಂದೇ. ಅಕ್ಕ ಇದನ್ನೂ ಬರೆದಿಟ್ಕೊಳ್ಳಲಿ.

ದೊಡ್ಡಪ್ಪ, ಸಕಲೇಶಪುರ: ಕೊಯ್ಲು ಶುರುವಾಗುವ ಮೊದಲು ಗೋಡೌನ್ ಖಾಲಿ ಇರುತ್ತೆ. ಉತ್ತರದ ಬಾಗಿಲು ಎರಡೂ ತೆಗೆದರೆ ಬೆಳಕು ಬೆಳಗಿಂದ ಸಂಜೆವರೆಗೆ ಒಂದೇ ಥರ. ಭಾನುವಾರ ಬನ್ನಿ. ಆನೆ ಸಾಲು ನಾನೂ ನೋಡಬೇಕು. ಆದರೆ ಬೋರ್ಡಿನ ಮಾತು ನಾನು ಹೇಳಿಲ್ಲ.

ಹಾಸನದ ಚಿಕ್ಕಮ್ಮ: ಹೇಳಿದ್ರಿ ದೊಡ್ಡ ಭಾವ. ಭಾನುವಾರ ಎಂಟು ಗಂಟೆಗೆ ಹೊರಡ್ತೀವಿ. ಊಟಕ್ಕೆ ನಾನೇ ಮಾಡ್ಕೊಂಡು ಬರ್ತೀನಿ.